ಚಿತ್ರದ ಕೆಳಗಿನ ಒಂದು ಸಾಲು

ಪ್ರಾಜೆಕ್ಟ್ ರಿಪೋರ್ಟ್ ಬರೆದವರಿಗೆಲ್ಲ ಒಂದು ಮಾತು ಗೊತ್ತು. ಕಾಂಕ್ರೀಟ್ ಕ್ಯೂಬನ್ನು 28 ದಿನ ನೀರಲ್ಲಿಟ್ಟು ಕಾಯೋದು ಸುಲಭ. ಅದರ ಫೋಟೊ ಕೆಳಗೆ ‘ಫಿಗರ್ 4.3’ ಅಂತ ಬರೆದು, ಆ ಸಾಲು ಅಲ್ಲೇ ನಿಲ್ಲೋ ಹಾಗೆ ಮಾಡೋದು ಕಷ್ಟ. ರಾತ್ರಿ ಎರಡು ಗಂಟೆಗೆ ಹಾಸ್ಟೆಲ್ಲಿನಲ್ಲಿ ಯಾರಾದರೂ ‘ಅಯ್ಯೋ’ ಅಂತ ಕೂಗಿದರೆ ಕಾರಣ ಎರಡೇ: ಒಂದು ಕ್ರಿಕೆಟ್, ಇಲ್ಲಾಂದ್ರೆ ವರ್ಡ್. ಒಂದು ಚಿತ್ರವನ್ನು ಅರ್ಧ ಇಂಚು ಸರಿಸಿದ್ದಕ್ಕೆ ಹದಿನೈದು ಪುಟ ಚೆಲ್ಲಾಪಿಲ್ಲಿ. ಇದರ ಮೇಲೆ ಜೋಕುಗಳು ಬೇಕಾದಷ್ಟಿವೆ, ನಾನು ಹೊಸದಾಗಿ ಸೇರಿಸಬೇಕಾಗಿಲ್ಲ. ಆದರೆ ಚಿತ್ರದ ಕೆಳಗಿನ ಆ ಒಂದು ಸಾಲಿಗೆ ಎಷ್ಟು ಬೆಲೆ ಇದೆ ಅನ್ನೋದು ನನಗೆ ತಿಳಿದದ್ದು ಕಾಲೇಜಿನಲ್ಲಲ್ಲ, ನಂಜನಗೂಡಿನ ನಮ್ಮ ಅಜ್ಜಿ ಮನೆಯಲ್ಲಿ.

ಮೊದಲು ಹೆಸರಿನ ವಿಚಾರ ಮುಗಿಸಿಬಿಡೋಣ. ಇದು ಕನ್ನಡ ಸಂಘದ ಪತ್ರಿಕೆ ತಾನೇ, ಯಾರಾದರೂ ಕೇಳೇ ಕೇಳ್ತಾರೆ. ಕ್ಯಾಪ್ಷನ್ ಅನ್ನೋದಕ್ಕೆ ‘ಶೀರ್ಷಿಕೆ’ ಅಂತ ಬರೆಯೋರಿದ್ದಾರೆ. ಶೀರ್ಷ ಅಂದ್ರೆ ತಲೆ. ಚಿತ್ರದ ಕಾಲ ಕೆಳಗೆ ಇಡೋದಕ್ಕೆ ತಲೆಯ ಹೆಸರು ಯಾಕೆ? ‘ಅಡಿಬರಹ’ ಅನ್ನೋದು ನನಗೆ ಇಷ್ಟ. ಎಲ್ಲಿರುತ್ತೋ ಅದನ್ನೇ ಹೇಳುತ್ತೆ. ಈ ಬರಹದಲ್ಲಿ ಅದನ್ನೇ ಬಳಸ್ತೀನಿ.

2024ರ ಜುಲೈ ಕೊನೆಯ ವಾರ ನಿಮಗೆ ನೆನಪಿರಬಹುದು. ವಯನಾಡಿನಲ್ಲಿ ಸುರಿದ ಮಳೆಯೆಲ್ಲ ಕಬಿನಿಗೆ ಬಂತು. ಜಲಾಶಯದ ಪೂರ್ಣ ಮಟ್ಟ 2284 ಅಡಿ. ಅದು ತುಂಬಿದ ಮೇಲೆ ಮೇಲಿನಿಂದ ಎಷ್ಟು ಬರುತ್ತೋ ಅಷ್ಟನ್ನೂ ಕೆಳಕ್ಕೆ ಬಿಡಲೇಬೇಕು. ಹಾಗೆ ಬಿಟ್ಟ ನೀರು ಮೊದಲು ಸಿಗೋ ದೊಡ್ಡ ಊರು ನಂಜನಗೂಡು. ನಾವು ನದಿಯನ್ನು ಕಬಿನಿ ಅನ್ನಲ್ಲ, ಕಪಿಲೆ ಅಂತೀವಿ. 2018, 2019ರಲ್ಲೂ ಬಂದಿದ್ದಳು. ಬಂದಾಗಲೆಲ್ಲ ಮೈಸೂರು-ನಂಜನಗೂಡು ರಸ್ತೆ ಮಲ್ಲನಮೂಲೆ ಮಠದ ಹತ್ತಿರ ಮುಳುಗುತ್ತೆ, ಟಿವಿಯವರು ಬರ್ತಾರೆ, ಸ್ನಾನಘಟ್ಟದ ಮಂಟಪ ಎಷ್ಟು ಮುಳುಗಿದೆ ಅಂತ ತೋರಿಸ್ತಾರೆ. ದಡದ ತಗ್ಗಿನ ಬೀದಿಗಳಲ್ಲಿರೋರು ಅಷ್ಟರಲ್ಲಿ ಹಾಸಿಗೆ, ಅಕ್ಕಿಮೂಟೆ, ಗ್ಯಾಸ್ ಸಿಲಿಂಡರ್ ಹೊತ್ತುಕೊಂಡು ನೆಂಟರ ಮನೆ ಸೇರಿರ್ತಾರೆ.

ನಮ್ಮಜ್ಜಿ ಮನೆ ಅಂಥದೊಂದು ಬೀದಿಯಲ್ಲಿದೆ. ಮುಂದಿನ ಅರ್ಧ ಇಟ್ಟಿಗೆ, ಹಿಂದಿನ ಅರ್ಧ ಹಳೇ ಮಣ್ಣಿನ ಗೋಡೆ, ಮೇಲೆ ನಾಡಹೆಂಚು. ನೀರು ನಿಂತದ್ದು ಎರಡು ದಿನ. ಇಳಿದ ಮೂರನೇ ದಿನ ಅಡುಗೆಮನೆಯ ಗೋಡೆ ಕುಸಿಯಿತು. ಸಿವಿಲ್‌ನವರಿಗೆ ಇದು ಹೊಸದೇನಲ್ಲ. ನೀರಿದ್ದಾಗ ಒಳಗೂ ಹೊರಗೂ ಒತ್ತಡ ಸರಿಸಮ ಇರುತ್ತೆ, ಗೋಡೆ ಹೇಗೋ ನಿಂತಿರುತ್ತೆ. ನೀರು ಇಳಿದಾಗ ಬುಡದ ಮಣ್ಣು ನೆನೆದು ಮೆತ್ತಗಾಗಿರುತ್ತೆ, ಮೇಲಿನ ಭಾರ ಮಾತ್ರ ಹಾಗೇ ಇರುತ್ತೆ. ಅಜ್ಜಿ ಇದನ್ನು ಬೇರೆ ರೀತಿ ಹೇಳಿದರು: “ನೀರಿದ್ದಾಗ ಬೀಳ್ನಿಲ್ಲ ಕನ ಮಗ, ನೀರು ಹೋದ್ಮೇಲೆ ಬಿತ್ತು.”

ಪರಿಹಾರದ ಅರ್ಜಿ ಕೊಡಬೇಕಿತ್ತು. ಮನೆ ಪೂರ್ತಿ ಬಿದ್ದಿದೆಯಾ, ಭಾಗಶಃ ಬಿದ್ದಿದೆಯಾ ಅನ್ನೋದರ ಮೇಲೆ ಹಣ. ನಮ್ಮ ಮಾವ ಫೋನಿನಲ್ಲಿ ಫೋಟೊ ತೆಗೆದು, ಟೈಪಿಂಗ್ ಅಂಗಡಿಯೊಂದಕ್ಕೆ ಹೋಗಿ, ಹತ್ತು ಫೋಟೊ ಇರೋ ಅರ್ಜಿ ಮಾಡಿಸಿ ಕೊಟ್ಟು ಬಂದರು. ನಾಲ್ಕು ದಿನಕ್ಕೆ ಅದು ವಾಪಸ್ ಬಂತು. ಮೇಜಿನ ಹಿಂದಿದ್ದವರು ಒರಟಾಗಿ ಏನೂ ಹೇಳಿರಲಿಲ್ಲ, ಒಂದೇ ಪ್ರಶ್ನೆ ಕೇಳಿದ್ದರು: “ಇದರಲ್ಲಿ ಯಾವುದು ನಿಮ್ಮ ಗೋಡೆ, ಯಾವುದು ಪಕ್ಕದವರದು?”

ಮಾವ ನನಗೆ ಫೋನ್ ಮಾಡಿದರು. “ಲೋ, ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಇದೊಂದು ಸರಿ ಮಾಡ್ಕೊಡೋ. ಪಕ್ಕದ ಮನೆ ಗೋಡೆ ಕೆಳಗೆ ನಮ್ಮ ಮನೆ ಅಂತ ಬಂದ್ಬಿಟ್ಟದೆ.”

ಫೈಲ್ ತೆರೆದು ನೋಡಿದೆ. ಅಂಗಡಿಯವರು ಪ್ರತಿ ಫೋಟೊ ಕೆಳಗೆ ಒಂದೊಂದು ಟೆಕ್ಸ್ಟ್ ಬಾಕ್ಸ್ ಎಳೆದು, ಗೆರೆ ತೆಗೆದು, ಅದರೊಳಗೆ ಬರೆದಿದ್ದರು. ನೋಡೋದಕ್ಕೆ ಅಚ್ಚುಕಟ್ಟು. ಆಮೇಲೆ ಮಾವ, ‘ಆ ಮೂರನೇದು ಬೇಡ, ಅದರಲ್ಲಿ ಯಾರದೋ ಸ್ಕೂಟರ್ ಬಂದಿದೆ’ ಅಂದಿದ್ದಾರೆ. ಮೂರನೇ ಫೋಟೊ ಅಳಿಸಿದ ತಕ್ಷಣ ಉಳಿದ ಫೋಟೊಗಳೆಲ್ಲ ಮೇಲಕ್ಕೆ ಜಾರಿವೆ, ಬಾಕ್ಸ್‌ಗಳಲ್ಲಿ ಕೆಲವು ಜಾರಿವೆ, ಕೆಲವು ಇದ್ದಲ್ಲೇ ಕೂತಿವೆ. ಅಂಗಡಿಯವರನ್ನು ನಾನು ಬಯ್ಯಲ್ಲ. ಪುಟಕ್ಕೆ ಇಷ್ಟು ಅಂತ ದುಡಿಯೋರು ಅವರು, ಬಾಗಿಲಲ್ಲಿ ಆರು ಜನ ಕಾಯ್ತಿರ್ತಾರೆ.

ಇಲ್ಲಿ ಒಳಗಿನ ಲೆಕ್ಕ ಸ್ವಲ್ಪ ನೋಡಬೇಕು. ವರ್ಡ್‌ನ ಕಣ್ಣಿಗೆ ಚಿತ್ರ ಎರಡು ಥರ ಇರಬಹುದು. ‘ಇನ್‌ಲೈನ್ ವಿತ್ ಟೆಕ್ಸ್ಟ್’ ಅಂತ ಇಟ್ಟರೆ ಅದೊಂದು ದೊಡ್ಡ ಅಕ್ಷರ, ಅಷ್ಟೇ. ಸಾಲಿನಲ್ಲಿ ಕೂರುತ್ತೆ, ಸಾಲಿನ ಜೊತೆ ಹೋಗುತ್ತೆ. ಬೇರೆ ಯಾವ ರೀತಿ ಇಟ್ಟರೂ ಅದು ತೇಲುವ ವಸ್ತು. ತೇಲುವ ಪ್ರತಿಯೊಂದಕ್ಕೂ ಒಂದು ಲಂಗರು ಇರುತ್ತೆ, ಯಾವುದೋ ಒಂದು ಪ್ಯಾರಾಗೆ ಕಟ್ಟಿರುತ್ತೆ. ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಅಂಚಿನಲ್ಲಿ ಸಣ್ಣ ಲಂಗರಿನ ಗುರುತು ಕಾಣುತ್ತಲ್ಲ, ಅದೇ. ಫೋಟೊ ಒಂದು ಪ್ಯಾರಾಗೆ, ಅದರ ಬಾಕ್ಸ್ ಇನ್ನೊಂದು ಪ್ಯಾರಾಗೆ ಕಟ್ಟಿದ್ದರೆ, ನಡುವೆ ಒಂದು ಸಾಲು ಸೇರಿದರೂ ಸಾಕು, ಅವೆರಡರ ದಾರಿ ಬೇರೆ ಬೇರೆ. ಲಂಗರಿದ್ದ ಪ್ಯಾರಾವನ್ನೇ ಅಳಿಸಿದರೆ ಬಾಕ್ಸ್ ಕೂಡ ಹೇಳದೆ ಕೇಳದೆ ಮಾಯ. ಹೊಳೆ ಬಂದಾಗ ದೋಣಿ ಹರಿಗೋಲು ಬಿಚ್ಚಿಕೊಂಡು ಹೋಗೋ ಥರಾನೇ.

ಹಾಗಾಗಿ ನಾನು ಮಾಡಿದ್ದು ಇಷ್ಟು. ಎಲ್ಲಾ ಬಾಕ್ಸ್ ಕಿತ್ತೆ. ಫೋಟೊಗಳನ್ನೆಲ್ಲ ಇನ್‌ಲೈನ್ ಮಾಡಿದೆ. ಪ್ರತಿಯೊಂದರ ಮೇಲೂ ರೈಟ್ ಕ್ಲಿಕ್ ಮಾಡಿ ‘ಇನ್ಸರ್ಟ್ ಕ್ಯಾಪ್ಷನ್’. ಅಲ್ಲಿ ಫಿಗರ್, ಟೇಬಲ್, ಇಕ್ವೇಷನ್ ಅಂತ ಮೂರೇ ಹೆಸರಿರುತ್ತೆ. ‘ನ್ಯೂ ಲೇಬಲ್’ ಒತ್ತಿ ‘ಚಿತ್ರ’ ಅಂತ ಕೊಟ್ಟರೆ ಅದೂ ಸೇರುತ್ತೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಕನ್ನಡದ ರಿಪೋರ್ಟಿನಲ್ಲೂ ‘ಫಿಗರ್’ ಅಂತಲೇ ಬಿಟ್ಟಿರ್ತಾರೆ. ‘ಚಿತ್ರ 1’ ಅಂತ ಬಂದಾಗ ಅದರಲ್ಲಿರೋ 1 ನೀವು ಟೈಪ್ ಮಾಡಿದ ಅಂಕಿ ಅಲ್ಲ, ಅದೊಂದು ಫೀಲ್ಡ್. ತನ್ನ ಹಿಂದೆ ಇಂಥವು ಎಷ್ಟಿವೆ ಅಂತ ಎಣಿಸಿ ತಾನೇ ಸಂಖ್ಯೆ ಹಾಕಿಕೊಳ್ಳುತ್ತೆ. ನಡುವೆ ಒಂದು ಚಿತ್ರ ತೆಗೆದರೆ, ಸೇರಿಸಿದರೆ, ಕಂಟ್ರೋಲ್-ಎ ಒತ್ತಿ ಎಫ್9 ಒತ್ತಿ. ಎಲ್ಲವೂ ಮರುಎಣಿಕೆ. ಫೋಟೊ ಇರೋ ಪ್ಯಾರಾಗೆ ‘ಕೀಪ್ ವಿತ್ ನೆಕ್ಸ್ಟ್’ ಕೊಟ್ಟುಬಿಟ್ಟರೆ ಫೋಟೊ ಒಂದು ಪುಟದಲ್ಲಿ, ಅಡಿಬರಹ ಮುಂದಿನ ಪುಟದಲ್ಲಿ ಅನ್ನೋ ಪಾಡು ತಪ್ಪುತ್ತೆ. ಲಿಬ್ರೆಆಫೀಸ್‌ನಲ್ಲಾದರೆ ಇನ್ನೂ ಚೆಂದ, ಅದು ಚಿತ್ರವನ್ನೂ ಅಡಿಬರಹವನ್ನೂ ಒಂದೇ ಚೌಕಟ್ಟಿನೊಳಗೆ ಕೂರಿಸುತ್ತೆ. ಲೇಟೆಕ್ ಬಳಸೋ ಕಂಪ್ಯೂಟರ್ ಸೈನ್ಸ್ ಗೆಳೆಯರು ಈಗ ನಗ್ತಿರಬಹುದು. ನಗಲಿ. ಅವರ ಮಾವ ಲೇಟೆಕ್ ಫೈಲ್ ತಗೊಂಡು ಟೈಪಿಂಗ್ ಅಂಗಡಿಗೆ ಹೋಗಲಿ ನೋಡೋಣ.

ಕನ್ನಡದ ಕಿರಿಕಿರಿ ಬೇರೆ ಇದೆ. ಅಂಗಡಿಯ ಫೈಲ್ ಇದ್ದದ್ದು ಹಳೇ ನುಡಿ ಫಾಂಟಿನಲ್ಲಿ, ಯೂನಿಕೋಡ್ ಅಲ್ಲ. ಆ ಥರ ಫೈಲಿನಲ್ಲಿ ಒಳಗಿರೋದು ಕನ್ನಡವೇ ಅಲ್ಲ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. ಫಾಂಟ್ ಅವಕ್ಕೆ ಕನ್ನಡದ ಅಂಗಿ ತೊಡಿಸಿರುತ್ತೆ. ನೀವು ಕ್ಯಾಪ್ಷನ್ ಹಾಕಿದ ಕೂಡಲೇ ವರ್ಡ್ ತನ್ನ ‘ಕ್ಯಾಪ್ಷನ್’ ಸ್ಟೈಲ್ ತರುತ್ತೆ, ಅದರ ಫಾಂಟ್ ಬೇರೆ. ಅಂಗಿ ಕಳಚಿತು. ‘ಅಡುಗೆಮನೆ ಗೋಡೆ’ ಅಂತ ಬರೆದದ್ದು ತಲೆ ಮೇಲೆ ಚುಕ್ಕಿ ಬಾಲ ಇರೋ ಇಂಗ್ಲಿಷ್ ಅಕ್ಷರಗಳ ಮೆರವಣಿಗೆ ಆಯ್ತು. ಅಂಗಡಿಯವರು ಟೆಕ್ಸ್ಟ್ ಬಾಕ್ಸಿಗೆ ಅಂಟಿಕೊಂಡಿರೋದಕ್ಕೆ ಇದೂ ಒಂದು ಕಾರಣ ಇರಬಹುದು ಅನ್ಸುತ್ತೆ. ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿದೆ. ಆಮೇಲೂ ಒಂದು ಬಾಕಿ ಇತ್ತು: ಕ್ಯಾಪ್ಷನ್ ಸ್ಟೈಲ್ ತಾನಾಗೇ 9 ಪಾಯಿಂಟ್, ನೀಲಿ ಬಣ್ಣ, ಇಟಾಲಿಕ್. ಕನ್ನಡದ ಅಕ್ಷರಕ್ಕೆ ಇಟಾಲಿಕ್ ಅನ್ನೋ ಸಂಪ್ರದಾಯವೇ ಇಲ್ಲ. ದುಂಡಗಿರೋದನ್ನ ಸುಮ್ಮನೆ ಪಕ್ಕಕ್ಕೆ ವಾಲಿಸಿದರೆ ಮಳೆಗೆ ಮಲಗಿದ ಭತ್ತದ ಹಾಗೆ ಕಾಣುತ್ತೆ. ಸ್ಟೈಲ್ ಅನ್ನು ಒಂದು ಸಲ ತಿದ್ದಿದರೆ ಸಾಕು, ಎಲ್ಲಾ ಅಡಿಬರಹಗಳೂ ಸರಿ ಹೋಗ್ತವೆ. ತಿದ್ದುವಾಗ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಅಂತ ಬೇರೆ ಖಾನೆ ಇರುತ್ತೆ, ಕನ್ನಡದ ಗಾತ್ರ ಅಲ್ಲಿ ಕೊಡಬೇಕು. ಮೇಲಿನ ಖಾನೆಯಲ್ಲಿ ಎಷ್ಟೇ ಕೊಟ್ಟರೂ ಇಂಗ್ಲಿಷ್ ಮಾತ್ರ ದಪ್ಪಗಾಗುತ್ತೆ.

ಇಷ್ಟೆಲ್ಲ ಯಂತ್ರದ ಕೆಲಸ. ಆ ಸಾಲಿನಲ್ಲಿ ಏನು ಬರೀಬೇಕು ಅನ್ನೋದನ್ನ ಯಂತ್ರ ಹೇಳಲ್ಲ. ಮೊದಲ ಅರ್ಜಿಯಲ್ಲಿ ಎಲ್ಲದರ ಕೆಳಗೂ ‘ಬಿದ್ದ ಗೋಡೆ’, ‘ಬಿದ್ದ ಗೋಡೆ’, ‘ಮನೆ’. ನಾನು ಶನಿವಾರ ಊರಿಗೆ ಹೋದೆ. ಸರ್ವೇ ಕ್ಯಾಂಪಿನಲ್ಲಿ ನಮ್ಮ ಮೇಷ್ಟ್ರು ಹೇಳ್ತಿದ್ದ ಮಾತು ತಲೆಯಲ್ಲಿತ್ತು: ನದಿಯ ಎಡದಂಡೆ ಬಲದಂಡೆ ಅನ್ನೋದು ನೀರು ಹರಿಯೋ ದಿಕ್ಕಿಗೆ ಮುಖ ಮಾಡಿ ನಿಂತು ಹೇಳೋದು, ನೀವು ಎಲ್ಲಿ ನಿಂತಿದ್ದೀರಿ ಅಂತ ಹೇಳದೆ ಎಡ ಬಲ ಅಂದರೆ ಏನೂ ಹೇಳಿದ ಹಾಗಾಗಲ್ಲ. ನಮ್ಮೂರಿನ ಹಳೇ ಸೇತುವೆ ಇದೆಯಲ್ಲ, 1735ರದ್ದು, ಒಂದು ಕಾಲಕ್ಕೆ ರಸ್ತೆಯನ್ನೂ ರೈಲನ್ನೂ ಅಕ್ಕಪಕ್ಕ ಹೊತ್ತಿದ್ದು, ಅದರ ಫೋಟೊ ನೋಡಿ. ಮೇಲ್ಹೊಳೆಯಿಂದ ತೆಗೆದದ್ದೋ ಕೆಳಹೊಳೆಯಿಂದ ತೆಗೆದದ್ದೋ ಬರೆಯದಿದ್ದರೆ ಯಾವ ಕಂಬದ ಬುಡ ಕೊರೆದಿದೆ ಅಂತ ಯಾರು ಹೇಳ್ತಾರೆ?

ಮತ್ತೆ ಫೋಟೊ ತೆಗೆದೆ, ಈ ಸಲ ಟೇಪ್ ಹಿಡಿದು. ಮಾವ ಟೇಪಿನ ತುದಿ ಹಿಡಕೊಂಡರು, ಪಕ್ಕದ ಮನೆಯವರು ನಮ್ಮದೂ ಒಂದು ತೆಗಿಯಪ್ಪ ಅಂದರು. ಅಡಿಬರಹಗಳು ಹೀಗಾದವು: ‘ಚಿತ್ರ 2: ಅಡುಗೆಮನೆಯ ಪೂರ್ವದ ಗೋಡೆ, ಒಳಗಿನಿಂದ. ನೀರಿನ ಗುರುತು ನೆಲದಿಂದ 3 ಅಡಿ 2 ಅಂಗುಲ.’ ‘ಚಿತ್ರ 3: ಅದೇ ಗೋಡೆ, ಹಿತ್ತಿಲಿನಿಂದ. ಬಲಗಡೆ ಕಾಣುವ ನೀಲಿ ಬಾಗಿಲು ಪಕ್ಕದ ಮನೆಯದು.’ ಆ ನೀಲಿ ಬಾಗಿಲಿನ ಸಾಲೇ ಮುಖ್ಯ. ನಮ್ಮ ಗೋಡೆ ಎಲ್ಲಿ ಮುಗಿದು ಅವರದು ಎಲ್ಲಿ ಶುರು ಅನ್ನೋದು ಅದರಿಂದಲೇ ಗೊತ್ತಾಗೋದು. ಸ್ಥಳ ನೋಡೋಕೆ ಬಂದವರು ಆ ಹಾಳೆ ಕೈಲಿ ಹಿಡಕೊಂಡು, ಒಂದೊಂದೇ ಚಿತ್ರಕ್ಕೆ ಬೆರಳಿಟ್ಟು, ಮನೆ ಸುತ್ತ ಒಂದು ಸುತ್ತು ಬಂದರು. ಪ್ರಶ್ನೆ ಕೇಳಲಿಲ್ಲ. ಭಾಗಶಃ ಹಾನಿ ಅಂತ ಬರೆದುಕೊಂಡರು. ಹಣ ಬಂದಾಗ ಗೋಡೆ ಆಗಲೇ ಸಾಲ ಮಾಡಿ ಎಬ್ಬಿಸಿಯಾಗಿತ್ತು, ಬಂದದ್ದು ಸಾಲದ ಅರ್ಧಕ್ಕೆ ಸಾಲಲಿಲ್ಲ. ಆದರೂ ಬಂತು.

ಚಿತ್ರಕ್ಕೆ ಹೆಸರು ಬರೆಯೋ ಅಭ್ಯಾಸ ನಮ್ಮ ಕಡೆ ಹೊಸದಲ್ಲ. ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ನೀವೆಲ್ಲ ಹೋಗಿರ್ತೀರಿ, ಕಾಲೇಜು ಟ್ರಿಪ್ಪಿನಲ್ಲಿ ಸೆಲ್ಫಿ ತೆಗೆದಿರ್ತೀರಿ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಇನ್ನೂ ಜನ. ಮುಂದಿನ ಸಲ ಹೋದಾಗ ಹೊರಗೋಡೆಯ ಮೂರ್ತಿಗಳ ಕಾಲ ಕೆಳಗೆ ನೋಡಿ. ಹದಿಮೂರನೇ ಶತಮಾನದ ಶಿಲ್ಪಿಗಳು ಅಲ್ಲಿ ಕನ್ನಡದಲ್ಲಿ ತಮ್ಮ ಹೆಸರು ಕೆತ್ತಿದ್ದಾರೆ: ಮಲ್ಲಿತಮ್ಮ, ಮಸಣಿತಮ್ಮ, ಚೌಡೇಯ, ಬಾಮಯ, ನಂಜಯ. ಮಲ್ಲಿತಮ್ಮನದೇ ಹೆಚ್ಚು, ಕೆಲವು ಕಡೆ ‘ಮಲ್ಲಿ’, ಕೆಲವು ಕಡೆ ಬರೀ ‘ಮ’. ಇಷ್ಟು ಮೂರ್ತಿ ಮಾಡಿದವನಿಗೆ ಪೂರ್ತಿ ಹೆಸರು ಕೆತ್ತೋಕೆ ಬೇಜಾರಾಗಿರಬೇಕು, ಲ್ಯಾಬ್ ರೆಕಾರ್ಡಿಗೆ ಸಹಿ ಹಾಕೋ ಮೇಷ್ಟ್ರ ಹಾಗೆ. ಕಲಬುರಗಿ ಜಿಲ್ಲೆಯ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಲ್ಲಿ ಒಂದು ಉಬ್ಬುಶಿಲ್ಪ ಸಿಕ್ಕಿತು. ಒಬ್ಬ ರಾಜ, ಪಕ್ಕದಲ್ಲಿ ರಾಣಿ, ಪರಿವಾರದವರು. ಅಂಥ ರಾಜರಾಣಿಯರ ಶಿಲ್ಪ ಎಷ್ಟೋ ಇವೆ. ಇದಕ್ಕೆ ಬ್ರಾಹ್ಮಿ ಲಿಪಿಯಲ್ಲಿ ಎರಡು ಪದದ ಬರಹ ಇದೆ, ‘ರಾಯ ಅಶೋಕ’ ಅಂತ. ಆ ಎರಡು ಪದ ಇಲ್ಲದಿದ್ದರೆ ಅದು ಯಾವನೋ ಒಬ್ಬ ರಾಜ.

ಸಂಖ್ಯೆ ಹಾಕೋ ಕಷ್ಟವೂ ಹಳೇದೇ. ಬಿ. ಎಲ್. ರೈಸ್ 1894ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಮೂರನೇ ಸಂಪುಟ ತಂದಾಗ ಶಾಸನಗಳಿಗೆ ತಾಲ್ಲೂಕುವಾರು ನಂಬರ್ ಕೊಟ್ಟ. ನಂಜನಗೂಡಿಗೆ ‘ಎನ್‌ಜೆ’, ತಿರುಮಕೂಡಲು ನರಸೀಪುರಕ್ಕೆ ‘ಟಿಎನ್’. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಈ ಸಂಪುಟಗಳನ್ನು ಪರಿಷ್ಕರಿಸಿ ತಂದಿತು. ಹೊಸ ಶಾಸನಗಳು ಸೇರಿದವು, ನಮ್ಮ ಎರಡು ತಾಲ್ಲೂಕುಗಳು ಬೇರೆ ಬೇರೆ ಸಂಪುಟಗಳಿಗೆ ಹೋದವು, ನಂಬರುಗಳೆಲ್ಲ ಬದಲಾದವು. ಅಷ್ಟರಲ್ಲಿ ಎಂಬತ್ತು ವರ್ಷದ ಪುಸ್ತಕಗಳಲ್ಲಿ ಹಳೇ ನಂಬರ್ ಅಚ್ಚಾಗಿಬಿಟ್ಟಿತ್ತು. ಅಚ್ಚಾದ ಪುಸ್ತಕಕ್ಕೆ ಎಫ್9 ಇಲ್ಲವಲ್ಲ.

ಈಗ ಅಜ್ಜಿಯ ಟ್ರಂಕಿಗೆ ಬರ್ತೀನಿ. ಅರ್ಜಿಯ ಗಲಾಟೆಯಲ್ಲಿ ಯಾರೂ ಅದನ್ನು ತೆಗೆದಿರಲಿಲ್ಲ. ಕಬ್ಬಿಣದ ಟ್ರಂಕು ಮಂಚದ ಕೆಳಗಿತ್ತು, ನೀರು ಒಳಗೆ ಹೋಗಿತ್ತು. ಮೇಲೆ ಎರಡು ರೇಷ್ಮೆ ಸೀರೆ, ಕೆಳಗೆ ಆಲ್ಬಮ್. ಫೋಟೊಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಇದು ನಿಮಗೂ ಬೇಕಾಗಬಹುದು, ಅದಕ್ಕೆ ಬರೀತೀನಿ: ಅಂಟಿದ ಫೋಟೊ ಎಳೆದು ಬಿಡಿಸಬೇಡಿ, ಒಣಗೋಕೂ ಬಿಡಬೇಡಿ. ಅಗಲದ ಪಾತ್ರೆಯಲ್ಲಿ ಶುದ್ಧ ತಣ್ಣೀರು ಹಾಕಿ ಅದರಲ್ಲಿ ಬಿಡಿ. ತಾವಾಗೇ ಬಿಡಿಸಿಕೊಳ್ಳೋವರೆಗೂ ಕಾಯಿರಿ. ಆಮೇಲೆ ಚಿತ್ರದ ಮುಖ ಮೇಲಾಗಿ ಬಟ್ಟೆ ಮೇಲೆ ಹರಡಿ, ನೆರಳಲ್ಲಿ. ಹೀಗೆ ಮಾಡಿ ನಲವತ್ತಮೂರರಲ್ಲಿ ಮೂವತ್ತೊಂದು ಉಳಿದವು.

ಚಿತ್ರ ಉಳಿಯಿತು, ಬರಹ ಹೋಯ್ತು. ಹಿಂದುಗಡೆ ತಾತ ಮಸಿಯಲ್ಲಿ ಬರೆದಿದ್ದ ಹೆಸರು, ತಾರೀಖು ಎಲ್ಲ ನೀಲಿ ಕಲೆ ಆಗಿತ್ತು. ತಾತ ತೀರಿಹೋಗಿ ಹನ್ನೊಂದು ವರ್ಷ. ಅಂದರೆ ಆ ಮುಖಗಳ ಹೆಸರು ಈಗ ಇದ್ದದ್ದು ಎಂಬತ್ತೆರಡು ವರ್ಷದ ಅಜ್ಜಿಯ ತಲೆಯಲ್ಲಿ, ಇನ್ನು ಸ್ವಲ್ಪ ನರಸೀಪುರದಲ್ಲಿರೋ ಅವರ ತಂಗಿಯ ತಲೆಯಲ್ಲಿ. ಅಷ್ಟೇ.

ಫೋಟೊಗಳನ್ನು ಫೋನಿನಲ್ಲಿ ಸೆರೆಹಿಡಿದು ಒಂದು ಫೈಲಿಗೆ ಹಾಕಿದೆ. ಮೂವತ್ತೊಂದು ಚಿತ್ರ, ಮೂವತ್ತೊಂದು ಖಾಲಿ ಅಡಿಬರಹ. ಲ್ಯಾಪ್‌ಟಾಪ್ ಇಟ್ಟುಕೊಂಡು ಅಜ್ಜಿ ಪಕ್ಕ ಕೂತೆ. ಅವರು ಹೇಳೋದು, ನಾನು ಟೈಪ್ ಮಾಡೋದು. ಗುಂಪಿನ ಫೋಟೊಗಳಲ್ಲಿ ಮುಖದ ಮೇಲೇ ಹೆಸರು ಹಾಕೋಣ ಅಂತ ಒಂದರಲ್ಲಿ ಮಾಡಿ ನೋಡಿದೆ. ಸಣ್ಣ ಬಾಕ್ಸ್, ಒಂದು ಗೆರೆ, ಎಲ್ಲವನ್ನೂ ಚಿತ್ರದ ಜೊತೆ ಗ್ರೂಪ್ ಮಾಡೋದು. ಗ್ರೂಪ್ ಮಾಡಬೇಕಾದರೆ ಚಿತ್ರ ಇನ್‌ಲೈನ್ ಇರಬಾರದು; ಮೊದಲು ತೇಲಿಸಿ, ಗ್ರೂಪ್ ಮಾಡಿ, ಆಮೇಲೆ ಇಡೀ ಗುಂಪನ್ನು ಇನ್‌ಲೈನ್ ಮಾಡಬೇಕು. ಕೆಲಸ ಆಯ್ತು. ಅಜ್ಜಿ ನೋಡಿ, “ಮುಕದ ಮೇಲೆ ಚೀಟಿ ಅಂಟ್ಸಿದಂಗದೆ, ತಗಿ” ಅಂದರು. ತೆಗೆದೆ. ಪೇಪರಿನವರ ಹಾಗೆ ‘ನಿಂತವರು, ಎಡದಿಂದ’ ಅಂತ ಬರೆಯೋದೇ ಮರ್ಯಾದೆ.

ಕ್ರಾಸ್-ರೆಫರೆನ್ಸ್‌ನ ನಿಜವಾದ ಉಪಯೋಗ ನನಗೆ ತಿಳಿದದ್ದೂ ಇಲ್ಲೇ. ಅಜ್ಜಿ ಯಾರನ್ನೂ ಒಬ್ಬರೇ ಅಂತ ಹೇಳಲ್ಲ. “ಇವ್ಳು ಆ ಮದ್ವೆ ಫೋಟದಲ್ಲಿ ಲೋಟ ಹಿಡ್ಕಂಡವ್ಳಲ್ಲ, ಅವ್ಳ ಅವ್ವ.” ಹಾಗಾಗಿ ಅಡಿಬರಹದಲ್ಲಿ ‘ಚಿತ್ರ 12ರಲ್ಲಿ ಲೋಟ ಹಿಡಿದವರ ತಾಯಿ’ ಅಂತ ಬರೆಯಬೇಕು. ಆ 12 ಅನ್ನು ಕೈಯಲ್ಲಿ ಟೈಪ್ ಮಾಡದೆ ರೆಫರೆನ್ಸಸ್ ಮೆನುವಿನಿಂದ ಕ್ರಾಸ್-ರೆಫರೆನ್ಸ್ ಆಗಿ ಹಾಕಿದರೆ ಚಿತ್ರಗಳು ಹಿಂದೆ ಮುಂದೆ ಆದರೂ ಸಂಖ್ಯೆ ಸರಿಯಾಗಿರುತ್ತೆ. ಇಲ್ಲಿ ನಮ್ಮ ಭಾಷೆಯ ಒಂದು ಅದೃಷ್ಟ ನೋಡಿ. ಚಿತ್ರಗಳಿಗೆ ಬರೋ ಇಂಥ ಸಂಖ್ಯೆಗಳಿಗೆಲ್ಲ ಹಿಂದೆ ಅಂಟೋ ಪ್ರತ್ಯಯ ಒಂದೇ. ಒಂದರಲ್ಲಿ, ಏಳರಲ್ಲಿ, ಹನ್ನೆರಡರಲ್ಲಿ, ನಾಲ್ಕಕ್ಕೆ, ನೂರಕ್ಕೆ. ಫೀಲ್ಡ್ ಪಕ್ಕದಲ್ಲಿ ‘ರಲ್ಲಿ’ ಅಂತ ಒಂದು ಸಲ ಬರೆದುಬಿಟ್ಟರೆ 12 ಹೋಗಿ 13 ಬಂದರೂ ವಾಕ್ಯ ಕೆಡಲ್ಲ.

ಇಪ್ಪತ್ತಾರು ಮುಗಿದವು. ಐದು ಉಳಿದವು. ಒಂದು ಭಾನುವಾರ ಅಮ್ಮ, ಅಜ್ಜಿ, ನಾನು ಬಸ್ಸಿನಲ್ಲಿ ನರಸೀಪುರಕ್ಕೆ ಹೋದೆವು. ಚಿಕ್ಕಜ್ಜಿಯ ಮನೆ ಸಂಗಮಕ್ಕೆ ಹತ್ತಿರ. ನಂಜನಗೂಡಿನಲ್ಲಿ ನಮ್ಮ ಮನೆಯೊಳಗೆ ನುಗ್ಗಿದ ಕಪಿಲೆ ಇಲ್ಲಿ ಏನೂ ಆಗಿಲ್ಲದವಳ ಹಾಗೆ ಕಾವೇರಿಯನ್ನು ಸೇರ್ತಾಳೆ. ಕುಂಭಮೇಳದ ಫೋಟೊ ಒಂದಿತ್ತು. ಮಾವ ತಾತನ ಹೆಗಲ ಮೇಲೆ ಕೂತಿದ್ದಾರೆ. ನರಸೀಪುರದಲ್ಲಿ ಕುಂಭಮೇಳ ಶುರುವಾದದ್ದು 1989ರಲ್ಲಿ, ಆಮೇಲೆ ಮೂರು ವರ್ಷಕ್ಕೊಮ್ಮೆ. ಮಾವ ಹುಟ್ಟಿದ್ದು 1986. ಹೆಗಲ ಮೇಲಿದ್ದಾರೆ ಅಂದ್ರೆ ಮೂರು ವರ್ಷ, ಅಂದ್ರೆ ಮೊದಲ ಮೇಳ ಅಂತ ನಾನು ಲೆಕ್ಕ ಹಾಕಿದೆ. ಚಿಕ್ಕಜ್ಜಿ ನಕ್ಕರು. “ಆರು ವರ್ಸ ಆದ್ರೂ ಹೆಗಲಿಂದ ಇಳೀತಿರ್ನಿಲ್ಲ ಕನಪ್ಪ ನಿಮ್ಮಾವ.” ‘1989 ಅಥವಾ 1992’ ಅಂತ ಬರೆದೆ.

ಆಮೇಲೆ ಒಂಬತ್ತನೇ ಚಿತ್ರ ಬಂತು. ಸ್ಟುಡಿಯೊದಲ್ಲಿ ತೆಗೆಸಿದ ಕಪ್ಪುಬಿಳುಪು ಫೋಟೊ. ಹಿಂದೆ ಬಣ್ಣದಲ್ಲಿ ಬರೆದ ಮೆಟ್ಟಿಲು, ಹೂಕುಂಡ. ಅಜ್ಜಿಗೆ ಇಪ್ಪತ್ತು ಇಪ್ಪತ್ತೆರಡು ವರ್ಷ ಇರಬಹುದು, ತೊಡೆ ಮೇಲೆ ಮಗು. ಇದಕ್ಕೆ ಅಡಿಬರಹ ಆಗಲೇ ಇತ್ತು. ಅಜ್ಜಿ ಆ ಚಿತ್ರ ಬಂದಾಗ ನೀರು ಕುಡೀತೀನಿ ಅಂತ ಎದ್ದು ಹೋಗಿದ್ದರು, ಅಮ್ಮನೇ ಹೇಳಿ ಬರೆಸಿದ್ದರು: ‘ಅಜ್ಜಿ, ತೊಡೆ ಮೇಲೆ ನಾನು.’ ಚಿಕ್ಕಜ್ಜಿಗೆ ಓದಿ ಹೇಳಿದೆ. ಅವರು ಚಿತ್ರ ನೋಡಿದರು, ಅಮ್ಮನನ್ನು ನೋಡಿದರು, ಅಕ್ಕನ ಕಡೆ ತಿರುಗಿದರು.

“ಇನ್ನೂ ಏಳ್ನಿಲ್ವೇನಕ್ಕ?”

ಅಜ್ಜಿ ಸ್ವಲ್ಪ ಹೊತ್ತು ಸೆರಗು ಮಡಚಿದರು, ಬಿಡಿಸಿದರು. ಆಮೇಲೆ ನನಗೆ ಅಂದರು, “ಅದು ನಿಮ್ಮವ್ವ ಅಲ್ಲ ಮಗ. ಅವ್ಳಿಗಿಂತ ಮುಂಚೆ ಒಂದು ಗಂಡುಕೂಸು ಇತ್ತು. ಎಂಟು ತಿಂಗ್ಳು ಇತ್ತು.”

ಅಮ್ಮ ಏನೂ ಮಾತಾಡಲಿಲ್ಲ. ಐವತ್ತು ದಾಟಿದ ಮೇಲೆ, ತಾನು ಅಂದುಕೊಂಡಿದ್ದ ಫೋಟೊದಲ್ಲಿ ತಾನಿಲ್ಲ, ತನಗೊಬ್ಬ ಅಣ್ಣ ಇದ್ದ ಅಂತ ತಿಳಿದರೆ ಏನು ಮಾತಾಡೋದು. ನನ್ನ ಕೈ ಕೀಬೋರ್ಡಿನ ಮೇಲೆ ಇತ್ತು. ಏನು ಬರೀಲಿ ಅಂತ ಕೇಳೋಕೆ ಧೈರ್ಯ ಬರಲಿಲ್ಲ. ಅಜ್ಜಿಯೇ ಹೇಳಿದರು: “ಹೆಸ್ರು ಕಟ್ಟಿದ್ವಿ. ಬರಿ.” ಬರೆದೆ. ಆ ಹೆಸರು ಇಲ್ಲಿ ಹಾಕಲ್ಲ, ಅದು ಆ ಪುಟದ್ದು. ಹೆಸರಿನ ಮುಂದೆ ‘ಎಂಟು ತಿಂಗಳು’ ಅಂತಲೂ ಬರೆಸಿದರು. ಓದಿಸಿ ಕೇಳಿದರು. ಮತ್ತೊಂದು ಸಲ ಓದಿಸಿದರು.

“ಇದ್ನ ಮೊದ್ಲಿಗೆ ಹಾಕಾಕಾಯ್ತದಾ? ಅವ್ನೇ ಅಲ್ವಾ ಮೊದಲ್ನೇವ್ನು.”

ಆಗುತ್ತೆ ಅಂದೆ. ಚಿತ್ರವನ್ನೂ ಅಡಿಬರಹವನ್ನೂ ಒಟ್ಟಿಗೆ ಆರಿಸಿ ಕತ್ತರಿಸಿ, ಮೊದಲ ಪುಟದಲ್ಲಿ ಅಂಟಿಸಿದೆ. ಕಂಟ್ರೋಲ್-ಎ, ಎಫ್9. ಒಂಬತ್ತು ಹೋಗಿ ಒಂದಾಯಿತು. ಮೊದಲು ಒಂದಾಗಿದ್ದ ಮದುವೆ ಚಿತ್ರ ಎರಡಾಯಿತು, ಎರಡು ಮೂರಾಯಿತು. ‘ಚಿತ್ರ 4ರಲ್ಲಿ ಕೂತವರು’ ಅಂತ ಇದ್ದದ್ದು ‘ಚಿತ್ರ 5ರಲ್ಲಿ’ ಆಯಿತು. ಅಮ್ಮ ಪರದೆ ನೋಡ್ತಾ ಇದ್ದರು. ಆಮೇಲೆ ಮೆಲ್ಲಗೆ, “ನಾನು ಎಲ್ಲಿದ್ದೀನಿ ನೋಡು” ಅಂದರು. ಹುಡುಕಿದೆವು. ಅಮ್ಮನ ಮೊದಲ ಫೋಟೊ ಹದಿನಾಲ್ಕನೇದು, ಸ್ಕೂಲಿನದು. ಅದರ ಅಡಿಬರಹಕ್ಕೆ ಅಮ್ಮ ಒಂದು ತುಂಡು ಸೇರಿಸಿದರು: ‘ಚಿತ್ರ 1ರಲ್ಲಿರುವವನ ತಂಗಿ.’

ಎರಡು ಪ್ರತಿ ಮುದ್ರಿಸಿ ಸ್ಪೈರಲ್ ಬೈಂಡ್ ಮಾಡಿಸಿದ್ದೀವಿ. ಒಂದು ನರಸೀಪುರದಲ್ಲಿದೆ. ಇನ್ನೊಂದನ್ನು ಅಜ್ಜಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದಾರೆ. ಹೊಸ ಗೋಡೆಗೆ ಸುಣ್ಣ ಹೊಡೆದಿದ್ದರೂ ಎದುರಿನ ಹಳೇ ಗೋಡೆಯಲ್ಲಿ ನೀರಿನ ಗೆರೆ ಇನ್ನೂ ಕಾಣುತ್ತೆ. ಅಟ್ಟ ಅದಕ್ಕಿಂತ ಐದು ಅಡಿ ಮೇಲಿದೆ, ಅಳೆದಿದ್ದೀನಿ.

ಒಂದು ಚಿತ್ರ ಮಾತ್ರ ಬಾಕಿ. ಅಕ್ಕತಂಗಿಯರಿಬ್ಬರಿಗೂ ಗೊತ್ತಾಗಲಿಲ್ಲ. ‘ಚಿತ್ರ 31: ಸಂಗಮದ ಮೆಟ್ಟಿಲ ಮೇಲೆ ಕೂತ ಹುಡುಗಿ, ಎರಡು ಜಡೆ, ಕೈಯಲ್ಲಿ ಹಿತ್ತಾಳೆ ಬಿಂದಿಗೆ. ಹೆಸರು:’ ಅಂತ ಬಿಟ್ಟಿದ್ದೀನಿ. ಫೋಟೊ ನನ್ನ ಫೋನಿನಲ್ಲಿದೆ. ನಮ್ಮ ಕ್ಯಾಂಪಸ್ಸಿನಲ್ಲಿ ನರಸೀಪುರದ ಕಡೆಯವರು ಯಾರಾದರೂ ಇದ್ದರೆ ಸಿಕ್ಕಾಗ ಕೇಳಿ, ತೋರಿಸ್ತೀನಿ. ನಿಮ್ಮ ಮನೆಯ ಅಜ್ಜಿಯರಿಗೆ ಗೊತ್ತಿರಬಹುದು.